ಸಫಾರಿಗೆ ಎರಡನೇ ಕ್ಯಾಮೆರಾ: ಯಾವುದು ತಗೊಳ್ಳೋದು?

ಕಬಿನಿ ಕಡೆ ದಮ್ಮನಕಟ್ಟೆ ಸಫಾರಿಯಲ್ಲಿ ಒಮ್ಮೆ ಆನೆ ಜೀಪಿನ ಪಕ್ಕಕ್ಕೇ ಬಂತು. ನನ್ನ ಹತ್ತಿರ ಇದ್ದದ್ದು ನಿಕಾನ್ ಡಿ500, ಅದಕ್ಕೆ ದೂರದ್ದನ್ನು ಹತ್ತಿರ ತೋರಿಸುವ 200-500 ಎಂಎಂ ಲೆನ್ಸ್. ಫ್ರೇಮಿನಲ್ಲಿ ಸಿಕ್ಕಿದ್ದು ಒಂದು ಕಣ್ಣು, ಸುತ್ತ ಮಣ್ಣು ಮೆತ್ತಿದ ಸುಕ್ಕು ಚರ್ಮ, ಅಷ್ಟೇ. ಲೆನ್ಸ್ ಬದಲಿಸೋಣ ಅಂದರೆ ಕೆಂಪು ಧೂಳು. ಅವತ್ತೇ ಎರಡನೇ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಬೇಕು ಅನ್ನಿಸಿತು.

ಮೊದಲು ಬ್ಯಾಟರಿ ನೋಡಿ. ನಾನು ಹಳೆಯ ಡಿ750 ತಗೊಂಡೆ, ಎರಡಕ್ಕೂ ಇಎನ್-ಇಎಲ್15 ಬ್ಯಾಟರಿಯೇ. ಒಂದೇ ಚಾರ್ಜರ್ ಸಾಕು. ಎಸ್‌ಡಿ ಕಾರ್ಡ್ ಕೂಡ ಎರಡರಲ್ಲೂ ಕೂರುತ್ತದೆ.

ಡಿ500 ಕ್ರಾಪ್ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ 500 ಎಂಎಂ ಲೆನ್ಸ್ 750ರ ನೋಟ ಕೊಡುತ್ತದೆ. ದೂರದ ಹುಲಿಗೆ ಅದು. ಡಿ750 ಫುಲ್ ಫ್ರೇಮ್, ಸೆನ್ಸರ್ ದೊಡ್ಡದು. ಅದಕ್ಕೆ 70-200 ಹಾಕಿಟ್ಟರೆ ಹತ್ತಿರದ ಆನೆ, ಸಂಜೆಯ ಮಬ್ಬು ಬೆಳಕು ಎರಡಕ್ಕೂ ಆಯಿತು. ಎರಡನೆಯದಕ್ಕೆ ಸೆಕೆಂಡಿಗೆ ಜಾಸ್ತಿ ಫೋಟೋ ತೆಗೆಯುವ ಸ್ಪೀಡ್ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಗುಂಡಿಗಳ ಜಾಗ ಮಾತ್ರ ಗಮನಿಸಿ. ಡಿ500ರಲ್ಲಿ ಐಎಸ್ಒ (ಬೆಳಕಿಗೆ ಸೂಕ್ಷ್ಮತೆ) ಗುಂಡಿ ಶಟರ್ ಪಕ್ಕದಲ್ಲೇ ಇದೆ, ಡಿ750ರಲ್ಲಿ ಹಿಂದೆ, ಎಡಗಡೆ. ಮನೆಯಲ್ಲೇ ಕಣ್ಣು ಮುಚ್ಚಿ ಒತ್ತಿ ಅಭ್ಯಾಸ ಮಾಡಿ.

ಸೆಕೆಂಡ್ ಹ್ಯಾಂಡ್ ಆದರೆ ಶಟರ್ ಕೌಂಟ್, ಅಂದರೆ ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಅನ್ನೋದು, ಕೇಳಿ. ಲೆನ್ಸಿನ ಕಿಂಡಿ ಕಿರಿದು ಮಾಡಿ, ಎಫ್16ರಲ್ಲಿ ಬರೀ ಆಕಾಶದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಸೆನ್ಸರ್ ಮೇಲಿನ ಕಲೆಗಳು ಅದರಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ.