ಪಾತಿ ದೋಣಿಗೆ ಹುಟ್ಟು ಹಾಕಲು ಕಲಿಯುವವರಿಗೆ

ನಮ್ಮ ಉತ್ತರ ಕನ್ನಡದ ಅಘನಾಶಿನಿ ಹೊಳೆಯ ದಡಕ್ಕೆ ಬಂದವರು ಪಾತಿ, ಅಂದರೆ ಕಿರಿದಾದ ಸಣ್ಣ ದೋಣಿ, ಕಂಡ ಕೂಡಲೇ ಹುಟ್ಟಿಗೆ ಕೈ ಹಾಕುತ್ತಾರೆ. ಮೊದಲು ನೀರು ನೋಡಿ ಮಾರಾಯ್ರೆ! ಬಳಚು (ಚಿಪ್ಪುಮೀನು) ಆಯಲು ಹೋಗುವಾಗ ನನ್ನ ಅತ್ತೆ ಕಲಿಸಿದ್ದೂ ಇದನ್ನೇ. ತೋಳಿನ ಬಲದ ಮಾತು ಆಮೇಲೆ.

ಇಲ್ಲಿ ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ. ಸುಮಾರು ಆರು ತಾಸು ಏರಿಕೆ, ಆರು ತಾಸು ಇಳಿತ. ಪ್ರತಿ ದಿನ ಹಿಂದಿನ ದಿನಕ್ಕಿಂತ 50 ನಿಮಿಷದಷ್ಟು ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಸೆಳೆತ ಜಾಸ್ತಿ, ಅಷ್ಟಮಿ ಆಸುಪಾಸಿನಲ್ಲಿ ಕಡಿಮೆ. ಹೊಸಬರು ಅಷ್ಟಮಿ ಹೊತ್ತಿಗೇ ಬರುವುದು ಒಳ್ಳೆಯದು. ಮೇಲಕ್ಕೆ, ಮಿರ್ಜಾನ್ ಕಡೆ ಹೋಗುವುದಾದರೆ ಏರುವ ನೀರು ಹಿಡಿಯಿರಿ, ತಿರುಗಿ ಬರುವಾಗ ಇಳಿಯುವ ನೀರು. ಹೊನ್ನಾವರದಿಂದ ಗೇರುಸೊಪ್ಪೆವರೆಗೆ ಶರಾವತಿಯಲ್ಲಿ ದೋಣಿ ಓಡುತ್ತಿದ್ದ ಕಾಲದಲ್ಲೂ ಲೆಕ್ಕ ಇದೇ. ನೀರಿನ ಎದುರು ಹುಟ್ಟು ಹಾಕಿದರೆ ಸುಮ್ನೆ ಸುಸ್ತು.

ಬೆಳಿಗ್ಗೆಯೇ ಹೊರಡಿ. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುತ್ತದೆ. ಇಳಿತದ ನೀರು ಕಡಲಿಗೆ ಓಡುತ್ತಿರುವಾಗ ಗಾಳಿ ಎದುರಿನಿಂದ ಬಂದರೆ ಅಳಿವೆ (ಹೊಳೆ ಕಡಲು ಸೇರುವ ಜಾಗ) ಹತ್ತಿರ ಅಲೆ ಕಡಿದಾಗಿ ನಿಲ್ಲುತ್ತದೆ. ಆಗ ಆ ಕಡೆ ಹೋಗಲೇಬೇಡಿ.

ಹತ್ತುವಾಗ ದೋಣಿಯ ನಟ್ಟನಡುವೆ ಕಾಲಿಡಿ, ಎರಡೂ ಅಂಚು ಹಿಡಿದು ಬಗ್ಗಿ ಕೂತುಬಿಡಿ. ನಿಂತು ಫೋಟೋ ತೆಗೆಯುವ ಆಸೆ ಬೇಡ. ಪಾತಿ ಕಿರಿದು, ಭಾರ ಮೇಲೆ ಹೋದಷ್ಟೂ ಹೊರಳುತ್ತದೆ. ಸಾಮಾನನ್ನೂ ತಳದಲ್ಲೇ ಇಡಬೇಕು. ಲೈಫ್ ಜಾಕೆಟ್ ಹಾಕಿಕೊಳ್ಳಿ. ನಮ್ಮ ಗಂಡಸರು ಹಾಕುವುದಿಲ್ಲ, ಅವರನ್ನು ನೋಡಿ ಕಲಿಯಬೇಡಿ.

ಒಬ್ಬರೇ ಇದ್ದರೆ ಹಿಂದೆ ಕೂತು ಒಂದೇ ಮಗ್ಗುಲಲ್ಲಿ ಹುಟ್ಟು ಹಾಕಬೇಕು. ಒಂದು ಕೈ ಹಿಡಿಯ ತುದಿಯಲ್ಲಿ, ಇನ್ನೊಂದು ಹುಟ್ಟಿನ ಅಗಲ ಹಲಗೆಗಿಂತ ಸ್ವಲ್ಪ ಮೇಲೆ. ಮುಂದಕ್ಕೆ ಚಾಚಿ, ನೀರಿಗೆ ಪೂರ್ತಿ ಮುಳುಗಿಸಿ, ಸೊಂಟದಿಂದ ಎಳೆಯಿರಿ. ಬಲಮಗ್ಗುಲಲ್ಲಿ ಎಳೆದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ, ಅಲ್ವಾ? ಅದನ್ನು ನೆಟ್ಟಗೆ ಮಾಡಲು, ಎಳೆತ ಮುಗಿಯುವಾಗ ಹುಟ್ಟನ್ನು ದೋಣಿಯಿಂದ ಸ್ವಲ್ಪ ಆಚೆಗೆ ತಳ್ಳಿ. ಪೆನ್ನಿನಲ್ಲಿ ಕೊಂಬು ಎಳೆದ ಹಾಗೆ. ಇದು ಕೈಗೆ ಬರಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ದೋಣಿ ಸುತ್ತು ಹೊಡೆಯುತ್ತದೆ, ದಡದಲ್ಲಿರುವವರು ನಗುತ್ತಾರೆ. ನಗಲಿ ಬಿಡಿ.

ಹೊಳೆ ದಾಟುವಾಗ ಎದುರು ದಡಕ್ಕೆ ನೇರ ಗುರಿ ಇಟ್ಟರೆ ಸೆಳೆತ ನಿಮ್ಮನ್ನು ಪಕ್ಕಕ್ಕೆ ಒಯ್ಯುತ್ತದೆ. ಮೂತಿಯನ್ನು ಸೆಳೆತದ ಎದುರಿಗೆ ಸ್ವಲ್ಪ ಓರೆ ಮಾಡಿ ದಾಟಿ. ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ತಾರಿ (ಹೊಳೆ ದಾಟಿಸುವ ದೋಣಿ) ದಾಟಿಸುವವರನ್ನು ನೋಡಿದರೆ ಈ ಓರೆ ಚೆನ್ನಾಗಿ ಗೊತ್ತಾಗುತ್ತದೆ.

ಕಾಂಡ್ಲದ (ಮ್ಯಾಂಗ್ರೋವ್ ಗಿಡಗಳ) ಸಂದಿಯಲ್ಲಿ, ಆಳವಿಲ್ಲದ ಕಡೆ, ಹುಟ್ಟು ಬೇಡ, ಬಿದಿರು ಗಳ ಸಾಕು. ಕೆಸರಿನಲ್ಲಿ ಗಳ ಸಿಕ್ಕಿಕೊಂಡರೆ ಜಗ್ಗಬೇಡಿ, ತಿರುಚಿ ಬಿಡಿಸಿ. ಬಿಡದಿದ್ದರೆ ಗಳ ಅಲ್ಲೇ ಇರಲಿ, ನೀವು ದೋಣಿಯಲ್ಲೇ ಇರಿ. ಇಳಿತ ಶುರುವಾದ ಮೇಲೆ ಸಣ್ಣ ಕೋಡಿಗಳಲ್ಲಿ, ಅಂದರೆ ಕಿರುಗಾಲುವೆಗಳಲ್ಲಿ, ಉಳಿಯಬೇಡಿ. ನೀರು ಬಸಿದು ಹೋದರೆ ಮುಂದಿನ ಉಬ್ಬರದವರೆಗೆ ಕೆಸರಲ್ಲೇ ಕೂರಬೇಕು. ದೋಣಿಯೊಳಗೆ ಬಂದ ನೀರು ಎತ್ತಿ ಹಾಕಲು ಒಂದು ಹಳೇ ಡಬ್ಬಿ ದಾರ ಕಟ್ಟಿ ಇಟ್ಟುಕೊಳ್ಳಿ.

ಮರದ ದೋಣಿ ಇಟ್ಟುಕೊಂಡವರು ಬಿಸಿಲಿಗೆ ಒಣಗಲು ಬಿಡಬೇಡಿ, ಬಿರಿಯುತ್ತದೆ. ಮಡಲು (ಹೆಣೆದ ತೆಂಗಿನ ಗರಿ) ಹೊದಿಸಿ ನೆರಳಲ್ಲಿಡಿ. ಮಳೆಗಾಲಕ್ಕೆ ಮೊದಲು ಗೇರೆಣ್ಣೆ (ಗೇರು ಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಬಳಿಯಬೇಕು, ಆ ಎಣ್ಣೆ ತಾಗಿದರೆ ಚರ್ಮ ಸುಟ್ಟು ಹೋಗುತ್ತದೆ.