ತರಿಸದ ಸಾಮಾನಿಗೆ ಇಮೇಲ್‌ನಲ್ಲಿ ಬಿಲ್ ಬಂದರೆ

ಲ್ಯಾಪ್‌ಟಾಪ್ ಆರ್ಡರ್ ಖಚಿತವಾಗಿದೆ, ನಿಮ್ಮ ಖಾತೆಯಿಂದ 48,999 ರೂಪಾಯಿ ಕಡಿತವಾಗಲಿದೆ, ಆರ್ಡರ್ ನಿಮ್ಮದಲ್ಲದಿದ್ದರೆ 24 ಗಂಟೆಯೊಳಗೆ ಈ ನಂಬರಿಗೆ ಕರೆ ಮಾಡಿ. ಇಂಥ ಮೇಲ್ ಕಳಿಸುವವರಿಗೆ ಆ ಬಿಲ್ಲಿನ ಹಣ ಬೇಕಿಲ್ಲ. ಗಾಬರಿಯಲ್ಲಿ ನೀವಾಗಿಯೇ ಫೋನ್ ಮಾಡಬೇಕು, ಅವರಿಗೆ ಬೇಕಾದದ್ದು ಅದು. ಆದ್ದರಿಂದ ಮೇಲ್‌ನಲ್ಲಿರುವ ನಂಬರ್, ಲಿಂಕ್, ಅಟ್ಯಾಚ್‌ಮೆಂಟ್ ಯಾವುದನ್ನೂ ಮುಟ್ಟದೆ ವಿಚಾರಿಸಿ.

ಮೊದಲು ದುಡ್ಡು ಹೋಗಿದೆಯೇ ನೋಡಿ. ಬ್ಯಾಂಕ್ ಆ್ಯಪ್, ಕಾರ್ಡ್ ಸ್ಟೇಟ್‌ಮೆಂಟ್, ಯುಪಿಐ ಆಟೋಪೇ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಶಾಪಿಂಗ್ ಆ್ಯಪನ್ನು ನೀವೇ ತೆರೆದು ಆರ್ಡರ್ ಪಟ್ಟಿ ನೋಡಿ, ಮನೆಯವರು ಯಾರಾದರೂ ಅದೇ ಖಾತೆಯಿಂದ ಏನಾದರೂ ತರಿಸಿದ್ದಾರೆಯೇ ಕೇಳಿ. ಎಲ್ಲಿಯೂ ಇಲ್ಲವೆಂದರೆ ಬಿಲ್ ಸುಳ್ಳು. ‘ನಾನು ತರಿಸಿಲ್ಲ’ ಎಂದು ಉತ್ತರವನ್ನೂ ಬರೆಯಬೇಡಿ. ಈ ವಿಳಾಸದಲ್ಲಿ ಮೇಲ್ ಓದುವವರಿದ್ದಾರೆ ಎಂದು ಅವರಿಗೆ ತಿಳಿಯುತ್ತದೆ. ಆರ್ಡರ್ ನಿಜವಾಗಿ ಪಟ್ಟಿಯಲ್ಲಿದ್ದು, ಮನೆಯಲ್ಲಿ ಯಾರೂ ಮಾಡಿಲ್ಲವಾದರೆ ಖಾತೆ ಬೇರೆಯವರ ಕೈಸೇರಿದೆ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ಆರ್ಡರ್ ರದ್ದು ಮಾಡಿ.

ಕಳಿಸಿದವರ ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ನೋಡಬೇಕಾದ್ದು ವಿಳಾಸದಲ್ಲಿ ‘@’ ಆದಮೇಲಿನ ಭಾಗ, ಅದನ್ನೂ ಕೊನೆಯಿಂದ ಓದಬೇಕು. ‘ಅಮೆಜಾನ್.ಇನ್.ಬಿಲ್-ಸಹಾಯ.ಕಾಮ್’ ಎಂದಿದ್ದರೆ ಅದು ‘ಬಿಲ್-ಸಹಾಯ’ದವರ ವಿಳಾಸ, ಅಮೆಜಾನ್‌ನದಲ್ಲ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಬಲಗಡೆಯ ಮೂರು ಚುಕ್ಕೆ ಒತ್ತಿ ‘ಶೋ ಒರಿಜಿನಲ್’ಗೆ ಹೋದರೆ ಮೇಲ್ ನಿಜವಾಗಿ ಆ ವಿಳಾಸದಿಂದಲೇ ಬಂದಿದೆಯೇ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಸಾಲು ಕಾಣುತ್ತವೆ. ಡಿಮಾರ್ಕ್ ‘ಫೇಲ್’ ಎಂದಿದ್ದರೆ ಅನುಮಾನ ಗಟ್ಟಿ. ಆದರೆ ‘ಪಾಸ್’ ಕಂಡು ನಿರಾಳರಾಗಬೇಡಿ. ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯಲ್ಲಿ ಖಾತೆ ತೆರೆದ ಯಾರು ಬೇಕಾದರೂ ಇನ್‌ವಾಯ್ಸ್ ಕಳಿಸಬಹುದು. ಮೇಲ್ ಬರುವುದು ಪೇಪಾಲ್‌ನ ಅಸಲಿ ವಿಳಾಸದಿಂದಲೇ, ಮಾರಾಟಗಾರರ ಟಿಪ್ಪಣಿಯಲ್ಲಿರುವ ಫೋನ್ ನಂಬರ್ ಮಾತ್ರ ಕಳ್ಳರದು. ಅಮೆರಿಕದಲ್ಲಿರುವ ನಮ್ಮವರು ಇದನ್ನು ಗಮನದಲ್ಲಿಡಬೇಕು. ನೀವು ಪಾವತಿ ಮಾಡದೆ ಅಂಥ ಇನ್‌ವಾಯ್ಸ್‌ನಿಂದ ಹಣ ಹೋಗುವುದಿಲ್ಲ.

ಎಷ್ಟೋ ಪಿಡಿಎಫ್‌ಗಳಲ್ಲಿ ಬಿಲ್ಲಿನ ಚಿತ್ರ ಮತ್ತು ಫೋನ್ ನಂಬರ್ ಬಿಟ್ಟರೆ ಬೇರೇನೂ ಇರುವುದಿಲ್ಲ. ಸ್ಪ್ಯಾಮ್ ಜರಡಿಗೆ ಅಕ್ಷರ ಸಿಗದಿರಲಿ ಎಂದೇ ಹಾಗೆ ಮಾಡುತ್ತಾರೆ. ಜಿಪ್, ಐಎಸ್‌ಒ, ಎಚ್‌ಟಿಎಂಎಲ್ ಫೈಲ್‌ಗಳು ಇನ್ನೂ ಅಪಾಯ. ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಮರೆಮಾಡುವುದರಿಂದ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಪ್ರೋಗ್ರಾಂ ಫೈಲ್ ‘ಬಿಲ್.ಪಿಡಿಎಫ್’ ಎಂದೇ ಕಾಣುತ್ತದೆ. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆನ್ ಮಾಡಿಡಿ.

ಅಂಗಡಿ, ಕಚೇರಿಗಳ ಲೆಕ್ಕ ನೋಡುವವರು ಬಿಲ್ಲಿನಲ್ಲಿರುವ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನ ‘ಸರ್ಚ್ ಟ್ಯಾಕ್ಸ್‌ಪೇಯರ್’ನಲ್ಲಿ ಹಾಕಿ ನೋಡಬೇಕು, ಲಾಗಿನ್ ಬೇಕಿಲ್ಲ. ಒಟ್ಟು 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ 10 ಪ್ಯಾನ್. ಅಸಲಿ ನಂಬರನ್ನೇ ಕದ್ದು ಹಾಕಿರಬಹುದಾದ್ದರಿಂದ ಪರ್ಚೇಸ್ ಆರ್ಡರ್, ಡೆಲಿವರಿ ಚಲನ್ ಜೊತೆ ತಾಳೆ ನೋಡದೆ ಹಣ ಬಿಡಬೇಡಿ. ಗೊತ್ತಿರುವ ಸಪ್ಲೈಯರ್ ಹೆಸರಲ್ಲೇ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಮೇಲ್ ಬಂದರೆ, ನಿಮ್ಮಲ್ಲಿರುವ ಹಳೆಯ ನಂಬರಿಗೆ ಕರೆ ಮಾಡಿ ಕೇಳಿ.

ಈಗಾಗಲೇ ಫೋನ್ ಮಾಡಿಬಿಟ್ಟಿದ್ದರೆ? ಅವರು ಸಾಮಾನ್ಯವಾಗಿ ದೂರದಿಂದಲೇ ನಿಮ್ಮ ಸಾಧನವನ್ನು ನಡೆಸಬಲ್ಲ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ, ನಿಮ್ಮ ಪರದೆಯಲ್ಲೇ ಬ್ಯಾಂಕ್ ಪುಟದ ಅಂಕಿ ತಿದ್ದಿ ‘ರಿಫಂಡ್ ಹೆಚ್ಚಾಗಿ ಬಂದಿದೆ, ವಾಪಸ್ ಹಾಕಿ’ ಎನ್ನುತ್ತಾರೆ. ಬ್ಯಾಲೆನ್ಸ್ ಬದಲಾಗಿರುವುದಿಲ್ಲ, ಪುಟದ ತೋರಿಕೆ ಮಾತ್ರ ಬದಲಾಗಿರುತ್ತದೆ. ತಕ್ಷಣ ಇಂಟರ್ನೆಟ್ ಕಡಿದು ಆ ಆ್ಯಪ್ ತೆಗೆದುಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ದೂರು ದಾಖಲಿಸಿ. ಪಾಸ್‌ವರ್ಡ್‌ಗಳನ್ನೂ ಬೇರೆ ಸಾಧನದಿಂದಲೇ ಬದಲಿಸಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ಪಿನ್, ಒಟಿಪಿ ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ನಾಚಿಕೆಯಿಂದ ತಡಮಾಡಿದಷ್ಟೂ ಹಣ ಹೋಗುತ್ತದೆ. ಮೋಸ ಹೋದವರಲ್ಲಿ ಓದಿದವರೂ ಬೇಕಾದಷ್ಟು ಇದ್ದಾರೆ.

ಮೇಲನ್ನು ಅಳಿಸಬೇಡಿ. ‘ಶೋ ಒರಿಜಿನಲ್’ ಪುಟದಲ್ಲಿ ‘ಡೌನ್‌ಲೋಡ್ ಒರಿಜಿನಲ್’ ಒತ್ತಿ ದೂರಿಗೆ ಸಾಕ್ಷಿಯಾಗಿ ಇಟ್ಟುಕೊಂಡು, ನಂತರ ‘ರಿಪೋರ್ಟ್ ಫಿಶಿಂಗ್’ ಮಾಡಿ. ಕೆಲವು ದಿನಗಳಾದ ಮೇಲೆ ‘ಹೋದ ಹಣ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಆ ನಂಬರನ್ನೂ ಅದೇ ದೂರಿಗೆ ಸೇರಿಸಿ.