ಹೊಳಿ ಏರಿದ ಮಟ್ಟಕ್ಕೆ ಗುರುತುಕಲ್ಲು ಕೂರಿಸುವ ಬಗೆ

ಫ್ರಾನ್ಸಿನ ಲ್ವಾರ್ ನದಿ ದಂಡೆಯ ಸಣ್ಣ ಊರುಗಳಲ್ಲಿ ಮನೆ ಮೂಲೆ, ಸೇತುವೆ ಕಂಬಗಳ ಮೇಲೆ ಅಡ್ಡಗೆರೆ ಎಳೆದು 1846, 1856, 1866 ಎಂದು ಕೆತ್ತಿದ್ದು ಕಾಣುತ್ತದೆ. ಆ ವರ್ಷಗಳ ಮಹಾಪೂರ ನಿಂತ ಎತ್ತರ ಅದು. ಇಂಥ ಗುರುತುಗಳ ಪಟ್ಟಿ ಮಾಡಿ ಕಾಪಾಡುವುದು, ದೊಡ್ಡ ಪೂರ ಬಂದರೆ ಹೊಸದನ್ನು ಕೂರಿಸುವುದು 2003ರ ಕಾನೂನಿನಂತೆ ಅಲ್ಲಿನ ಊರಾಡಳಿತದ ಹೊಣೆ. ನಮ್ಮಲ್ಲಿ 2019ರ ಆಗಸ್ಟಿನಲ್ಲಿ ವರದೆ, ಮಲಪ್ರಭೆ ಎರಡೂ ಉಕ್ಕಿದವು. ದಂಡೆಯ ಊರವರು ‘ಇಷ್ಟು ಬಂದಿತ್ತು’ ಎಂದು ಕೈ ಎತ್ತಿ ತೋರಿಸುತ್ತಾರೆ. ಆ ಕೈ ವರ್ಷ ಕಳೆದಂತೆ ಮೇಲೇರುತ್ತದೆ.

ನೀರು ಇಳಿದ ಕೂಡಲೇ, ಮನೆ ತೊಳೆಯುವ ಮೊದಲೇ ರಾಡಿ ಗೆರೆ ಹಿಡಿಯಬೇಕು. ಹೊರಗೋಡೆಯಲ್ಲಿ ಅಲೆ ಬಡಿದು ಗೆರೆ ಮೇಲೆ ಹೋಗಿರುತ್ತದೆ; ಬಾಗಿಲು ಮುಚ್ಚಿದ್ದ ಕೋಣೆಯೊಳಗಿನ ಗೆರೆಯೇ ಸರಿಯಾದದ್ದು. ಮಣ್ಣಿನ ಗೋಡೆಯ ಹಸಿಯನ್ನು ನಂಬಬೇಡಿ: ಮಣ್ಣು ನೀರು ಹೀರಿ ಥಂಡಿ ಮೇಲಕ್ಕೆ ಹತ್ತುತ್ತದೆ. ಸಿಮೆಂಟ್ ಗಿಲಾವಿನ ಮೇಲೆ ಅಂಟಿದ ರಾಡಿಯ ಮೇಲಂಚು ನೋಡಿ. ಸೇತುವೆ ಕಂಬಕ್ಕೆ ಸಿಕ್ಕ ಕಸವೂ ಮೋಸ ಮಾಡುತ್ತದೆ, ಹರಿವಿಗೆ ಎದುರಾದ ಬದಿಯಲ್ಲಿ ನೀರು ಉಬ್ಬಿರುತ್ತದೆ. ಅಕ್ಕಪಕ್ಕದ ನಾಲ್ಕೈದು ಗೆರೆ ತಾಳೆಯಾದರೆ ಮಾತ್ರ ಮುಂದುವರಿಯಿರಿ.

ಹಳೆಯ ಪೂರವಾದರೆ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಕೇಳಿ. ಎಷ್ಟು ಅಡಿ ಅನ್ನಬೇಡಿ, ಯಾವ ಮೆಟ್ಟಿಲು, ಯಾವ ಗೂಡು ಎಂದು ಗೋಡೆ ಮುಟ್ಟಿ ತೋರಿಸಲಿ.

ಗುರುತನ್ನು ಕಲ್ಲು ಕೂರಿಸುವ ಜಾಗಕ್ಕೆ ಸಾಗಿಸಲು ಗೌಂಡಿಯ ಲೆವಲ್ ಪೈಪ್ ಸಾಕು: 8–10 ಮಿ.ಮೀ. ಒಳಅಗಲದ ಪಾರದರ್ಶಕ ಪೈಪ್, 15 ಮೀಟರ್. ಬಕೆಟ್ಟಿನಿಂದ ನೀರು ಎಳೆದು ತುಂಬಿ, ಗುಳ್ಳೆ ಒಂದೂ ಉಳಿಯದಂತೆ ತಟ್ಟಿ. ಒಂದು ತುದಿಯ ನೀರನ್ನು ಗೆರೆಗೆ ಹಿಡಿದರೆ ಇನ್ನೊಂದು ತುದಿಯಲ್ಲೂ ನೀರು ಅದೇ ಎತ್ತರಕ್ಕೆ ನಿಲ್ಲುತ್ತದೆ. ಓದುವಾಗ ಎರಡೂ ತುದಿ ತೆರೆದಿರಲಿ. ಹೆಬ್ಬೆರಳು ಒತ್ತಿಕೊಂಡೇ ಓದುವುದು ಸಾಮಾನ್ಯ ತಪ್ಪು. ಅರ್ಧ ಪೈಪ್ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇದ್ದರೂ ಮಟ್ಟ ಕೆಡುತ್ತದೆ. ಕೊನೆಗೆ ಅದೇ ದಾರಿಯಲ್ಲಿ ಮೊದಲ ಗುರುತಿಗೆ ವಾಪಸ್ ಬನ್ನಿ, 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ಮೊಬೈಲ್ ಜಿಪಿಎಸ್ ಈ ಕೆಲಸಕ್ಕಲ್ಲ, ಎತ್ತರದಲ್ಲಿ ಅದು ಹಲವು ಮೀಟರ್ ತಪ್ಪಬಲ್ಲದು.

ಜಾಗದ ಆಯ್ಕೆಯಲ್ಲೇ ಹೆಚ್ಚು ಜನ ಎಡವುವುದು. ನರಗುಂದ, ರೋಣದ ಎರೆ ನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಹಗುರ ಕಾಂಪೌಂಡ್ ಗೋಡೆ ಗುರುತನ್ನೂ ಎತ್ತಿ ಇಳಿಸುತ್ತದೆ. ಗಟ್ಟಿ ಮೊರಮಿನ ತನಕ ಪಾಯ ಹೋದ ಶಾಲೆ ಅಥವಾ ಪಂಚಾಯಿತಿ ಕಟ್ಟಡ ಹುಡುಕಿ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದ ಗಳಗೇಶ್ವರ, ಚೌಡದಾನಪುರದ ಮುಕ್ತೇಶ್ವರ ಗುಡಿಗಳ ಕಲ್ಲು ಆಸೆ ಹುಟ್ಟಿಸಿದರೂ ಮುಟ್ಟಬೇಡಿ: ಸಂರಕ್ಷಿತ ಸ್ಮಾರಕದ ಮೇಲೆ ಕೆತ್ತುವುದು ಅಪರಾಧ.

30 × 20 ಸೆಂ.ಮೀ., 3 ಸೆಂ.ಮೀ. ದಪ್ಪದ ಗ್ರಾನೈಟ್ ಸಾಕು. ಮಟ್ಟದ ಗೆರೆಯನ್ನು ಕಲ್ಲಿನ ಮೇಲೇ 5 ಮಿ.ಮೀ. ಆಳ ಕೆತ್ತಿಸಿ, ಇಲ್ಲದಿದ್ದರೆ ಓದುವವರು ಕಲ್ಲಿನ ಅಂಚನ್ನೇ ಮಟ್ಟ ಅಂದುಕೊಳ್ಳುತ್ತಾರೆ. ದಿನಾಂಕದ ಜೊತೆ ನೀರಿನ ಹೆಸರೂ ಇರಲಿ; ಬೆಣ್ಣೆಹಳ್ಳ ಮಲಪ್ರಭೆಗೆ ಕೂಡುವ ಕಡೆ ಯಾವುದು ಉಕ್ಕಿತು ಎಂಬುದೇ ಮುಖ್ಯ. ಬಣ್ಣದ ಅಕ್ಷರ ಬೇಡ. ಸ್ಟೇನ್‌ಲೆಸ್ ಬೋಲ್ಟ್ ಬಳಸಿ, ಕಬ್ಬಿಣದ್ದು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ.

ಗೆರೆಯಿಂದ ಹೊಸ್ತಿಲಿಗೆ, ಹತ್ತಿರದ ಸೇತುವೆಯ ಡೆಕ್ಕಿಗೆ ಎಷ್ಟು ಅಂತರ ಎಂದು ಅಳೆದು, ಟೇಪ್ ಕಾಣುವಂತೆ ಫೋಟೊ ತೆಗೆದು ಪಂಚಾಯಿತಿ ಕಡತಕ್ಕೆ ಸೇರಿಸಿ. ಶಾಲೆ ಕೆಡವಿ ಕಟ್ಟುವಾಗ ಕಲ್ಲನ್ನು ಮತ್ತೆ ಅದೇ ಎತ್ತರಕ್ಕೆ ಕೂರಿಸಲು ಈ ಅಳತೆ ಬೇಕಾಗುತ್ತದೆ.